ಆರು ಮನೆ, ಒಂದು ಹಳ್ಳ, 900 ವಾಟ್

ನಾನು ಮಲೆನಾಡಿನಲ್ಲಿ ಹಳ್ಳದ ನೀರಿನಿಂದ ಕರೆಂಟು ತೆಗೆಯುವ ಸಣ್ಣ ಟರ್ಬೈನ್ ಕೂರಿಸುವ ಕೆಲಸ ಮಾಡುತ್ತೇನೆ. ಪಿಕೋ ಹೈಡ್ರೋ ಅಂತಾರೆ. ಒಂಟಿ ಮನೆಗಾದರೆ ಕೆಲಸ ಸುಲಭ. ಪೈಪೂ ಅವರದೇ, ಕರೆಂಟೂ ಅವರದೇ, ಜಗಳಕ್ಕೆ ಎರಡನೇ ಪಾರ್ಟಿ ಇಲ್ಲ. ಆರು ಮನೆಗೆ ಒಂದೇ ಹಳ್ಳ ಅಂದಾಗ ಕತೆ ಬೇರೆ. ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಅಂಥದ್ದೊಂದು ಕೇರಿಯಲ್ಲಿ ಏನು ಮಾಡಿದೆವು ಅಂತ ಹೇಳುತ್ತೇನೆ.

ಅಲ್ಲಿ ಕಂಬದ ಕರೆಂಟು ಇದೆ. ಆದರೆ ಮಳೆ ಹಿಡಿದರೆ ಲೈನಿನ ಮೇಲೆ ಮರ ಬೀಳುತ್ತದೆ, ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಜುಲೈ ಮೋಡಕ್ಕೆ ಸೋಲಾರ್ ಬ್ಯಾಟರಿಯೂ ತುಂಬುವುದಿಲ್ಲ. ಕಂಬಕ್ಕೆ ಜೋಡಿಸುವ ಮಾಮೂಲಿ ಸೋಲಾರ್ ಹಾಕಿಸಿದರೆ ಇನ್ನೂ ತಮಾಷೆ. ಲೈನ್ ಹೋದ ಕೂಡಲೇ ಅದೂ ಬಂದ್ ಆಗುತ್ತದೆ, ಅದರ ಇನ್ವರ್ಟರ್ ಇರುವುದೇ ಹಾಗೆ. ಅದೇ ಹೊತ್ತಿಗೆ ಮನೆ ಹಿಂದೆ ಹಳ್ಳ ಭೋರ್ಗರೆಯುತ್ತಿರುತ್ತದೆ.

ಮೊದಲ ಕೆಲಸ ಅಳತೆ. ಬಕೆಟ್ ಹಿಡಿದರೆ ಮೂರು ಸೆಕೆಂಡಿಗೆ ತುಂಬಿ ಲೆಕ್ಕ ತಪ್ಪುತ್ತದೆ, ಅದಕ್ಕೆ 200 ಲೀಟರ್ ಡ್ರಮ್ಮನ್ನೇ ಇಟ್ಟೆವು. ಮಳೆಗಾಲದಲ್ಲಿ ಸೆಕೆಂಡಿಗೆ 6 ಲೀಟರ್ ತಿರುಗಿಸಿಕೊಂಡರೆ ಹಳ್ಳಕ್ಕೆ ಗೊತ್ತೇ ಆಗುವುದಿಲ್ಲ. ಡಿಸೆಂಬರ್ ಕೊನೆಗೆ ಸಿಗುವುದು 3 ಲೀಟರ್. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುತ್ತಾ ಇಳಿದಾಗ ಸಿಕ್ಕ ಇಳಿಜಾರು, ಅಂದರೆ ಪೈಪಿನ ಮೇಲ್ತುದಿಗೂ ಟರ್ಬೈನಿಗೂ ನಡುವಿನ ಎತ್ತರ, 30 ಮೀಟರ್. ನನ್ನದು ಸರಳ ಲೆಕ್ಕ: ಮೀಟರನ್ನು ಲೀಟರಿನಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿ. 900 ವಾಟ್. ನೀರಿನ ಪೂರ್ತಿ ಶಕ್ತಿ ಸಿಕ್ಕರೆ ಸುಮಾರು 10ರಿಂದ ಗುಣಿಸಬಹುದು, ಸಣ್ಣ ಯಂತ್ರದಲ್ಲಿ ಅರ್ಧ ಸಿಕ್ಕರೆ ಪುಣ್ಯ.

ಪೈಪಿನ ವಿಷಯದಲ್ಲಿ ನಾನು ಹಟ ಮಾಡಿದೆ. ತೋಟಕ್ಕೆ ತಂದ ಎರಡಿಂಚಿನ ಪೈಪು ಎಲ್ಲರ ಮನೆಯಲ್ಲೂ ಬಿದ್ದಿತ್ತು, ಅದನ್ನೇ ಹಾಕೋಣ ಅಂದರು. 180 ಮೀಟರ್ ಉದ್ದಕ್ಕೆ ಎರಡಿಂಚು ಹಾಕಿದರೆ, 30 ಮೀಟರ್ ಇಳಿಜಾರಿನಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಘರ್ಷಣೆಯಲ್ಲಿ ಪೈಪೇ ತಿಂದುಬಿಡುತ್ತದೆ. ನಾಲ್ಕಿಂಚು ಹಾಕಿದರೆ ಹೋಗುವುದು ಒಂದು ಮೀಟರ್ ಆಸುಪಾಸು. ದುಡ್ಡು ಉಳಿಸುವುದಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಪೈಪಿನಲ್ಲಿ ಬೇಡ. ಟರ್ಬೈನಿಗೆ ನೀರು ಚಿಮ್ಮಿಸುವ ಎರಡು ನಾಝಲ್ ಇಟ್ಟೆವು. ನೀರು ಅರ್ಧಕ್ಕೆ ಇಳಿದಾಗ ಒಂದನ್ನು ಮುಚ್ಚಿದರೆ ಆಯಿತು.

ಇಷ್ಟು ಎಂಜಿನಿಯರಿಂಗ್. ಹಂಚಿಕೆಗೆ ಕೂತಾಗ ಮೇಲಿನ ಮನೆ ಅಜ್ಜ ಕೇಳಿದರು, ‘ತಮಾ, ಮೀಟರ್ ಎಲ್ಲಿ ಕೂರಿಸ್ತೆ?’ ಮೀಟರ್ ಬೇಡ ಅಂದೆ. ಎಲ್ಲರಿಗೂ ಆಶ್ಚರ್ಯ. ಕಂಬದ ಕರೆಂಟಿನಲ್ಲಿ ನಾವು ಯೂನಿಟ್ ಲೆಕ್ಕ ಕಲಿತಿದ್ದೇವೆ: ಎಷ್ಟು ಉರಿಸಿದೆವೋ ಅಷ್ಟು ಬಿಲ್ಲು. ಹಳ್ಳದಲ್ಲಿ ಹಾಗಲ್ಲ. ನೀವು ದೀಪ ಆರಿಸಿದರೂ ನೀರು ಹರಿಯುತ್ತಲೇ ಇರುತ್ತದೆ, ಉಳಿಸಿದ್ದು ನಾಳೆಗೆ ಬರುವುದಿಲ್ಲ. ಇಲ್ಲಿ ಹಂಚಬೇಕಾದ್ದು ಒಂದೇ ಹೊತ್ತಿಗೆ ಯಾರು ಎಷ್ಟು ಎಳೆಯಬಹುದು ಅನ್ನುವುದನ್ನು. ಅಂದರೆ ವಾಟ್. ಪ್ರತಿ ಮನೆಗೂ ಅರ್ಧ ಆಂಪಿಯರಿನ ಎಂಸಿಬಿ (ಮಿತಿ ಮೀರಿ ಎಳೆದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದೆವು, ಸುಮಾರು 115 ವಾಟ್. ಎಲ್‌ಇಡಿ ಬಲ್ಬುಗಳು, ಟಿವಿ, ವೈಫೈ, ಮೊಬೈಲ್ ಚಾರ್ಜು, ಎಲ್ಲಕ್ಕೂ ಸಾಕು. ಮಿಕ್ಸಿ ಹಾಕಿದರೆ ಟ್ರಿಪ್ ಆಗುತ್ತದೆ. ಮಿಕ್ಸಿ, ಗ್ರೈಂಡರ್, ಪಂಪು ಕಂಬದ ಕರೆಂಟಿಗೇ ಇರಲಿ, ಲೈನ್ ಹೋದ ದಿನ ಒರಳಿದೆಯಲ್ಲ ಅಂತ ಹೆಂಗಸರೇ ತೀರ್ಮಾನ ಮಾಡಿದರು.

ಹಳ್ಳದ ಕರೆಂಟಿಗೆ ಮನೆಯೊಳಗೆ ಬೇರೆಯದೇ ವೈರಿಂಗ್. ಎರಡೂ ಕಡೆಯಿಂದ ನಡೆಯಬೇಕಾದ ದೀಪಗಳಿಗೆ, ಒಂದು ಸಲಕ್ಕೆ ಒಂದೇ ಕಡೆಯ ಕರೆಂಟು ಬಿಡುವ ಚೇಂಜ್‌ಓವರ್ ಸ್ವಿಚ್. ಇದರಲ್ಲಿ ರಾಜಿ ಇಲ್ಲ. ನಮ್ಮ ಕರೆಂಟು ಹಿಂದಕ್ಕೆ ಲೈನಿಗೆ ನುಗ್ಗಿದರೆ, ಮರ ತೆಗೆದು ತಂತಿ ಕಟ್ಟಲು ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು.

ಇನ್ನು ಹೆಚ್ಚಾದ ಕರೆಂಟು. ಯಾರೂ ಬಳಸದಿದ್ದಾಗ ಟರ್ಬೈನ್ ಹುಚ್ಚು ಹಿಡಿದಂತೆ ತಿರುಗಬಾರದು, ಅದಕ್ಕೆ ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ ಮಿಕ್ಕಿದ್ದನ್ನೆಲ್ಲ ಹೀಟರ್ ಕಾಯಿಲಿಗೆ ತಳ್ಳುತ್ತದೆ. ಸುಮ್ನೆ ಗಾಳಿಗೆ ಬಿಸಿ ಬಿಡುವ ಬದಲು ಕಾಯಿಲನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಬಹುದು. ರಾತ್ರಿ ಎಂಟು ಗಂಟೆ ಓಡಿದರೆ 200 ಲೀಟರ್ ನೀರು ಬೆಳಗಿನ ಸ್ನಾನಕ್ಕೆ ಹದವಾಗಿರುತ್ತದೆ. ಸೌದೆಯೆಲ್ಲ ಒದ್ದೆಯಾಗುವ ಆಷಾಢದಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಡ್ರಮ್ಮು ಯಾರ ಬಚ್ಚಲಲ್ಲಿ? ದೀಪದ ವಿಷಯಕ್ಕೆ ಬರದ ಮನಸ್ತಾಪ ಬಿಸಿನೀರಿಗೆ ಬಂತು.

ಇನ್ನೊಂದು ತಲೆನೋವು ಜಾಲರಿ. ಪೈಪಿಗೆ ನೀರು ತಿರುಗಿಸುವ ಮೇಲಿನ ಕಟ್ಟೆಯ ಜಾಲರಿಗೆ ಎಲೆ, ಕಡ್ಡಿ ತುಂಬಿದರೆ ಕೆಳಗೆ ಬಲ್ಬು ಮಂಕಾಗುತ್ತದೆ. ಜೋರು ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು ಹತ್ತುವವರು ಯಾರು?

ಎರಡನ್ನೂ ಗಂಟು ಹಾಕಿದೆವು. ಆರೂ ಬಚ್ಚಲಿಗೆ ಒಂದೊಂದು ಕಾಯಿಲ್ ಕೊಟ್ಟು, ಟರ್ಬೈನ್ ಮನೆಯಲ್ಲಿ ತಿರುಗಿಸುವ ಸ್ವಿಚ್ ಇಟ್ಟೆವು. ಇವತ್ತು ಯಾರು ಜಾಲರಿ ಬಿಡಿಸುತ್ತಾರೋ ಇವತ್ತಿನ ರಾತ್ರಿ ಬಿಸಿನೀರು ಅವರದು. ತೋಟದ ನೀರಿಗೆ ಸರದಿ ಹಾಕುವುದು ಅವರಿಗೆ ಹೊಸದಲ್ಲ, ತಕ್ಷಣ ಒಪ್ಪಿದರು. ಆರು ಮನೆ, ಏಳು ದಿನ. ಉಳಿದ ಒಂದು ರಾತ್ರಿ ಬಾಣಂತಿ ಇರುವ ಮನೆಗೆ, ಇಲ್ಲದಿದ್ದರೆ ನೆಂಟರು ಬಂದ ಮನೆಗೆ ಅಂತ ಅಜ್ಜನೇ ಸೂಚಿಸಿದರು. ಆ ದಿನ ಜಾಲರಿಗೆ ಹುಡುಗರು ಹೋಗುತ್ತಾರೆ. ಇದನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಆದರೂ ಇದರ ಹಿಂದಿನ ಯೋಚನೆ ಹಳೆಯದು. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ‘ಅಸ್ತ್ರ’ ತಂಡ ಗೋಬರ್ ಗ್ಯಾಸಿನಿಂದ ಎಂಜಿನ್ ಓಡಿಸಿ ಊರಿಗೆ ದೀಪ, ನಲ್ಲಿ ನೀರು ಕೊಟ್ಟಿತ್ತು. ಸಗಣಿ ತಂದವರಿಗೆ ಕೆಜಿ ಲೆಕ್ಕದಲ್ಲಿ ದುಡ್ಡು, ಜೊತೆಗೆ ಗೊಬ್ಬರಕ್ಕೆ ಬಗ್ಗಡ ವಾಪಸ್. ಕೆಲಸ ಮಾಡಿದವರ ಕೈಗೆ ಅವತ್ತೇ ಏನಾದರೂ ಸಿಗಬೇಕು ಅಲ್ವಾ?

ಜನವರಿ ಹೊತ್ತಿಗೆ ಹಳ್ಳದ ನೀರು ಅಡಿಕೆ ತೋಟಕ್ಕೆ ಬೇಕು. ಅದಕ್ಕೆ ಮೊದಲ ಹಕ್ಕು, ಟರ್ಬೈನ್ ನಿಲ್ಲುತ್ತದೆ. ಆಗ ಬೇರಿಂಗಿಗೆ ಗ್ರೀಸು, ಬಿಸಿಲು ಬೀಳುವ ಕಡೆ ಪೈಪಿನ ಮೇಲೆ ಮಣ್ಣು. ಮನೆಗೆ ತಿಂಗಳಿಗೆ 100 ರೂಪಾಯಿ ಎತ್ತಿದ ಹಣದಲ್ಲಿ ಇಷ್ಟು ನಡೆಯುತ್ತದೆ.

ಇದನ್ನು ನೋಡಿ ಪಕ್ಕದ ಕೇರಿಯವರು ನಮಗೂ ಬೇಕು ಅಂದರು. ಹೋಗಿ ಅಳೆದೆ. ಇಳಿಜಾರು 6 ಮೀಟರ್, ನೀರು 4 ಲೀಟರ್, ಅಂದರೆ 120 ವಾಟ್. ಮನೆಗಳು ಹನ್ನೆರಡು. ಟರ್ಬೈನ್ ಬೇಡ, ಬ್ಯಾಟರಿ ಇರುವ ಸೋಲಾರ್ ಹಾಕಿಸಿ, ಜುಲೈಗೆಂದು ಪ್ಯಾನಲ್ಲನ್ನೂ ಬ್ಯಾಟರಿಯನ್ನೂ ಸ್ವಲ್ಪ ದೊಡ್ಡದೇ ತಗೊಳ್ಳಿ ಅಂತ ಹೇಳಿ ಬಂದೆ. ಅವರಿಗೆ ಬೇಸರವಾಯಿತು. ಆದರೆ ಮನೆಗೆ 10 ವಾಟಿನಲ್ಲಿ ಏನು ಹಂಚುವುದು?