ಕಾರು ತರದೆಯೇ ಕಾರಿನ ಕಂತು ಕಟ್ಟಿದೆವು, ಮನೆ ಬಂತು: ನನ್ನ ಅನುಭವ

2025ರ ಆರಂಭದಲ್ಲಿ ಮಂಗಳೂರಿನ ದೇರೆಬೈಲಿನ ಫ್ಲಾಟ್ ನನ್ನ ಮತ್ತು ಹೆಂಡತಿಯ ಹೆಸರಿಗೆ ರಿಜಿಸ್ಟ್ರೇಶನ್ ಆಯಿತು. ಮೂರು ಬೆಡ್‌ರೂಮ್, ಪಾರ್ಕಿಂಗ್ ಸೇರಿ ಸುಮಾರು 85 ಲಕ್ಷ. ಅದರಲ್ಲಿ ಬ್ಯಾಂಕ್ ಸಾಲ 45 ಲಕ್ಷ, ಉಳಿದದ್ದೆಲ್ಲ ನಮ್ಮ ಸಂಬಳದಿಂದ ಬಂದದ್ದು. ಊರಿನ ಜಾಗ ಮಾರಲಿಲ್ಲ, ಗಲ್ಫಿನಲ್ಲಿರುವ ನೆಂಟರ ಹತ್ತಿರ ಕೈ ಒಡ್ಡಲಿಲ್ಲ. ಮೂರೂವರೆ ವರ್ಷ ನಾವು ಮಾಡಿದ್ದು ಒಂದೇ ಕೆಲಸ. ತರದ ಕಾರಿನ ಕಂತನ್ನು ತಿಂಗಳು ತಿಂಗಳು ಕಟ್ಟಿದ್ದು.

ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ. ಭಾವ ಅಂತೂ "ಎಂತ ಮಾರಾಯ, ಕಾಗದದ ಮೇಲೆ ಕಾರು ಓಡಿಸ್ತೀಯಾ?" ಎಂದು ಮದುವೆ ಹಾಲಿನಲ್ಲೇ ಎಲ್ಲರ ಎದುರು ಕೇಳಿದರು. ಆಫೀಸಿನವರು "ವಯಸ್ಸಿದ್ದಾಗ ಓಡಿಸದೆ ಮತ್ತೆ ಯಾವಾಗ?" ಎಂದರು. ಅವರ ಮಾತೂ ಸುಳ್ಳಲ್ಲ, ನನಗೂ ಆ ಕಾರಿನ ಆಸೆ ಸಣ್ಣದಾಗಿರಲಿಲ್ಲ. ಆದರೆ ಈಗ ಲೆಕ್ಕ ನನ್ನ ಕೈಯಲ್ಲಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಕಾರು ಮರ್ಸಿಡಿಸ್ ಜಿಎಲ್‌ಎ. 2021ರಲ್ಲಿ ಹೊಸ ಮಾದರಿ ಬಂದಾಗ ಎಕ್ಸ್ ಶೋರೂಂ 42 ಲಕ್ಷದಷ್ಟಿತ್ತು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ. 18, ಅದರ ಮೇಲೆ ಸೆಸ್ ಬೇರೆ. ಇನ್ಶೂರೆನ್ಸ್, ಒಂದು ಪರ್ಸೆಂಟ್ ಟಿಸಿಎಸ್ (ಮಾರುವವರು ನಮ್ಮಿಂದ ಹಿಡಿದು ಕಟ್ಟುವ ಆದಾಯ ತೆರಿಗೆ) ಎಲ್ಲ ಸೇರಿ ಆನ್ ರೋಡ್ 53 ಲಕ್ಷದ ಹತ್ತಿರ ಬಂದು ನಿಂತಿತು. ನಮ್ಮ ಕೈಯಲ್ಲಿ ಆಗ 11 ಲಕ್ಷ ಇತ್ತು. ಉಳಿದ 42 ಲಕ್ಷಕ್ಕೆ ಏಳು ವರ್ಷದ ಸಾಲ, ಎಂಟೂವರೆ ಬಡ್ಡಿ, ತಿಂಗಳಿಗೆ 66-67 ಸಾವಿರ. ಇಬ್ಬರ ಸಂಬಳ ಸೇರಿ ಕೈಗೆ ಬರುತ್ತಿದ್ದದ್ದು ಒಂದು ಮುಕ್ಕಾಲು ಲಕ್ಷ. ಕಾರ್ ಲೋನ್ ಕೊಡಲು ಬ್ಯಾಂಕ್ ರೆಡಿ ಇತ್ತು, ಒಂದೇ ವಾರದಲ್ಲಿ ಕೊಡ್ತೇವೆ ಎಂದರು.

ಅದೇ ಬ್ಯಾಂಕಿನ ಗೃಹ ಸಾಲದ ಮೇಜಿನಲ್ಲಿ ಕೂತು ಕೇಳಿದೆ. ಎಲ್ಲ ಸಾಲದ ಕಂತು ಸೇರಿ ಸಂಬಳದ ಅರ್ಧದ ಆಸುಪಾಸಿನಲ್ಲಿರಬೇಕು ಎನ್ನುವುದು ಅವರ ಲೆಕ್ಕ. ನಮಗೆ ಆ ಮಿತಿ 87 ಸಾವಿರ. ಅದರಲ್ಲಿ 67 ಕಾರಿಗೆ ಹೋದರೆ ಉಳಿಯುವುದು 20. 20 ಸಾವಿರದ ಕಂತಿಗೆ 15 ವರ್ಷಕ್ಕೆ ಸಿಗುವ ಗೃಹ ಸಾಲ 20 ಲಕ್ಷ ಅಷ್ಟೇ. ಮಂಗಳೂರಿನಲ್ಲಿ 20 ಲಕ್ಷ ಸಾಲದಲ್ಲಿ ಎಂತ ಸಿಗ್ತದೆ? ಅಂದರೆ ಕಾರು ತಂದರೆ ಏಳು ವರ್ಷ ಮನೆಯ ಮಾತೇ ಇಲ್ಲ. ಕಾರಿನ ನಿಜವಾದ ಬೆಲೆ ನನಗೆ ಕಂಡದ್ದು ಆ ಮೇಜಿನ ಮುಂದೆ, ಶೋರೂಮಿನಲ್ಲಿ ಅಲ್ಲ.

ಸರಿ, ಹಾಗಾದರೆ ಕಾರು ಬಂದಿದೆ ಎಂದೇ ಇಟ್ಟುಕೊಂಡು ಬದುಕೋಣ ಎಂದೆವು. 67 ಸಾವಿರ ಕಂತು, ಜೊತೆಗೆ ವರ್ಷದ ಇನ್ಶೂರೆನ್ಸ್, ಸರ್ವಿಸ್, ಟೈರ್, ಜಾಸ್ತಿ ಪೆಟ್ರೋಲ್ ಸೇರಿ ತಿಂಗಳಿಗೆ 13. ಒಟ್ಟು 80 ಸಾವಿರ. ಇದು ಮುಖ್ಯ. ಬರೀ ಕಂತು ಎತ್ತಿಡುವವರು ಬಹಳ ಜನ ಇದ್ದಾರೆ. ಕಾರು ತಿನ್ನುವ ಬೇರೆ ಹಣವನ್ನು ಯಾರೂ ಸೇರಿಸುವುದಿಲ್ಲ, ನಮ್ಮ ಲೆಕ್ಕದಲ್ಲಿ ಅದೊಂದೇ ಐದು ಲಕ್ಷಕ್ಕಿಂತ ಜಾಸ್ತಿ ಆಯಿತು.

ಮೊದಲ ಏರ್ಪಾಟು ನಿಲ್ಲಲಿಲ್ಲ. ಸಂಬಳದ ಬ್ಯಾಂಕಿನಲ್ಲೇ ಇನ್ನೊಂದು ಖಾತೆ ತೆರೆದು ಹಾಕುತ್ತಿದ್ದೆವು. ಫೋನಿನಲ್ಲಿ ಎರಡೂ ಖಾತೆ ಪಕ್ಕಪಕ್ಕ ಕಾಣುತ್ತವೆ. ತಂಗಿಯ ಸೀಮಂತ ಬಂತು, ಫ್ರಿಜ್ ಕೆಟ್ಟಿತು, ಹಣ ಈಚೆಗೆ ಬಂತು. ನಾಲ್ಕೈದು ತಿಂಗಳಲ್ಲಿ ಹತ್ತಿರ ಹತ್ತಿರ 90 ಸಾವಿರ ಹೀಗೇ ಸೋರಿತು.

ಆಮೇಲೆ ಹೆಂಡತಿಯ ಐಡಿಯಾ, ಪಿಗ್ಮಿ. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಎತ್ತಲು ಶುರು ಮಾಡಿದ್ದು. ಇವತ್ತಿಗೂ ಇಲ್ಲಿನ ಸೊಸೈಟಿಗಳು ಅದನ್ನು ಚೆನ್ನಾಗಿ ನಡೆಸುತ್ತವೆ. ನಮ್ಮ ಕೆಳಗಿನ ಅಂಗಡಿಗೆ ಪಿಗ್ಮಿ ಹಣ ಎತ್ತಲು ಬರುವ ಕಲೆಕ್ಟರ್ ಸಂಜೆ ಮೆಟ್ಟಿಲು ಹತ್ತಿ ಬಂದು, ಅಂಗೈ ಅಗಲದ ಮೆಶಿನ್ನಿನಲ್ಲಿ ಟಕಟಕ ಒತ್ತಿ ಚೀಟಿ ಕೊಡುತ್ತಿದ್ದರು. ದಿನಕ್ಕೆ ಸಾವಿರ. ಹಣ ಒಂದು ಪೈಸೆ ಈಚೆ ಬರಲಿಲ್ಲ, ಅದು ನಿಜ. ಆದರೆ ಬಡ್ಡಿ ತುಂಬ ಕಡಿಮೆ, ನಡುವೆ ಮುಚ್ಚಿದರೆ ಕಡಿತ ಬೇರೆ. ದಿನಾ ಕ್ಯಾಶ್ ತಂದಿಡುವುದು ಸಂಬಳದವರಿಗೆ ಕಷ್ಟ. ಅಂಗಡಿ ಇಟ್ಟವರಿಗೆ ಪಿಗ್ಮಿಯಷ್ಟು ಒಳ್ಳೆಯದು ಬೇರೆ ಇಲ್ಲ, ನಮಗೆ ಹೊಂದಲಿಲ್ಲ. ಒಂದು ವರ್ಷಕ್ಕೆ ಮುಚ್ಚಿದೆವು.

ಕೊನೆಗೆ ನಿಂತದ್ದು ಹೀಗೆ. ನಮ್ಮ ಮನೆಯಿಂದ ದೂರದ, ಕಾವೂರು ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಜಂಟಿ ಖಾತೆ. ಎಟಿಎಂ ಕಾರ್ಡ್ ಬೇಡ ಎಂದು ಬರೆದುಕೊಟ್ಟೆವು. ಆ್ಯಪ್ ಹಾಕಲಿಲ್ಲ, ಯುಪಿಐ ಜೋಡಿಸಲಿಲ್ಲ. ಸಂಬಳ ಬಂದ ಮರುದಿನವೇ ತನ್ನಿಂತಾನೇ 80 ಸಾವಿರ ಅಲ್ಲಿಗೆ. ಅಲ್ಲಿಂದ ದೊಡ್ಡ ಪಾಲು ಆರ್‌ಡಿ, ಎಫ್‌ಡಿಗೆ, ಸಣ್ಣ ಪಾಲು ಲಿಕ್ವಿಡ್ ಫಂಡಿಗೆ, ಅಂದರೆ ಬೇಕೆಂದಾಗ ಬೇಗ ತೆಗೆಯಬಹುದಾದ ಮ್ಯೂಚುವಲ್ ಫಂಡಿಗೆ. ಶೇರು ಮುಟ್ಟಲಿಲ್ಲ, ಮೂರ್ನಾಲ್ಕು ವರ್ಷದಲ್ಲಿ ಬೇಕಾದ ಹಣವನ್ನು ಅಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಪಾಸ್‌ಬುಕ್ ಮಾತ್ರ ಇಟ್ಟುಕೊಂಡೆವು. ಎಂಟ್ರಿ ಹಾಕಿಸಿಕೊಂಡು ಬಂದು, ಪ್ರತಿ ಸಾಲಿನ ಪಕ್ಕ ನಾನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ: "ಕಂತು", "ಇನ್ಶೂರೆನ್ಸ್", "ಮುಂದಿನ ಎರಡು ಟೈರ್". ಹುಡುಗಾಟ ಎನಿಸಬಹುದು. ಆದರೆ ಆ ಪೆನ್ಸಿಲ್ ಅಕ್ಷರ ಇದ್ದದ್ದರಿಂದಲೇ ಅದು ಉಳಿತಾಯ ಎಂದು ಅನಿಸಲಿಲ್ಲ, ಕಟ್ಟಲೇಬೇಕಾದ ಬಾಕಿ ಎಂದು ಅನಿಸಿತು. ಉಳಿತಾಯವನ್ನು ಮುಂದಿನ ತಿಂಗಳಿಗೆ ದೂಡಬಹುದು, ಕಾರಿನ ಕಂತನ್ನು ದೂಡಲು ಆಗುವುದಿಲ್ಲವಲ್ಲ.

ಅಷ್ಟು ದಿನ ಓಡಿಸಿದ್ದು 2014ರ ಸ್ವಿಫ್ಟ್. ಈಗಲೂ ಅದೇ. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯ ನೀರು, ಪಡೀಲ್ ಅಂಡರ್‌ಪಾಸಿನ ನೀರು ಎಲ್ಲ ಕಂಡ ಗಾಡಿ.

ನಡುವೆ ಎರಡು ಬೇರೆ ಪ್ರಯೋಗ ಮಾಡಿದೆವು. ಒಂದು ಬಂಗಾರ. ಬೋನಸ್ ಬಂದಾಗೆಲ್ಲ ಹೆಂಡತಿ ಪವನಿನ (ಎಂಟು ಗ್ರಾಂ) ಲೆಕ್ಕದಲ್ಲಿ ನಾಣ್ಯ ತೆಗೆದಿಟ್ಟಳು, ಒಡವೆ ಅಲ್ಲ. 2021ರಲ್ಲಿ ಪವನಿಗೆ 36-37 ಸಾವಿರ ಇತ್ತು, ಫ್ಲಾಟಿನ ಕೆಲಸಕ್ಕೆ ಮಾರುವಾಗ 60 ದಾಟಿತ್ತು. ಹತ್ತು ಪವನಿನಲ್ಲಿ ಕಿಚನ್, ವಾರ್ಡ್‌ರೋಬ್, ಫ್ಯಾನು ಲೈಟು ಎಲ್ಲ ಮುಗಿಯಿತು. ಇದರಲ್ಲಿ ಅವಳ ಲೆಕ್ಕ ನನ್ನ ಲೆಕ್ಕಕ್ಕಿಂತ ಚೆನ್ನಾಗಿತ್ತು. ಇನ್ನೊಂದು, ಬೆಂಗಳೂರಿನಲ್ಲಿ ಎರಡು ದಿನಕ್ಕೆ ಜರ್ಮನ್ ಕಾರು ಬಾಡಿಗೆಗೆ ತೆಗೆದು ಶಿರಾಡಿ ಘಾಟಿ ಇಳಿದು ಊರಿಗೆ ಬಂದದ್ದು. ಖರ್ಚು ಪೆಟ್ರೋಲ್ ಸೇರಿ 20 ಸಾವಿರದಷ್ಟು. ಓಡಿಸುವುದು ಎಷ್ಟು ಚಂದ ಎಂದು ಹೇಳಲು ನನಗೆ ಮಾತು ಸಾಲದು. ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಕೊಡುವ ಭರವಸೆಯೇ ಬೇರೆ. ಆದರೆ ಮಾವನ ಮನೆಯ ಕಚ್ಚಾ ರಸ್ತೆಯಲ್ಲಿ ಅಡಿಭಾಗ ಎರಡು ಸಲ ಕೆರೆಯಿತು, ಪ್ರಾಣ ಹೋದ ಹಾಗಾಯಿತು. ಆಸೆ ಹೆಚ್ಚಾಯಿತು, ಅವಸರ ಕಡಿಮೆಯಾಯಿತು. 20 ಸಾವಿರಕ್ಕೆ ಒಳ್ಳೆಯ ವ್ಯವಹಾರ.

ಮನೆಯ ಕಡೆಗೆ ಬಂದರೆ, ಮೊದಲು ಹುಡುಕಿದ್ದು ಜಾಗ. ಕುಲಶೇಖರದ ಹತ್ತಿರ ಆರು ಸೆಂಟ್ಸ್, ಬೆಲೆ ಚೆನ್ನಾಗಿತ್ತು. ಕಾಗದ ಪತ್ರ ವಕೀಲರಿಗೆ ಕೊಟ್ಟಾಗ ಮೂಲಗೇಣಿ, ಅಂದರೆ ಕಾಯಂ ಗೇಣಿಯ ಜಾಗ ಎಂದು ಗೊತ್ತಾಯಿತು. ಇಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜನ ಕಾಲದಿಂದ ಅನುಭವಿಸುತ್ತಿದ್ದರೂ ಮೂಲಿ ಹಕ್ಕು, ಅಂದರೆ ಜಾಗದ ಒಡೆತನ, ಬೇರೆಯವರ ಹತ್ತಿರ. ನಮ್ಮ ಬ್ಯಾಂಕ್ ಸಾಲ ಆಗುವುದಿಲ್ಲ ಎಂದಿತು. ವಕೀಲರ ಫೀಸು ಆರೇಳು ಸಾವಿರ ಹೋಯಿತು, ಕೊಟ್ಟ 50 ಸಾವಿರ ಟೋಕನ್ ವಾಪಸ್ ಬರಲು ಅರ್ಧ ವರ್ಷ ಬೇಕಾಯಿತು. ಸುರತ್ಕಲ್ ಕಡೆ ಕಟ್ಟುತ್ತಿರುವ ಒಂದು ಕಟ್ಟಡವನ್ನೂ ನೋಡಿದೆವು. ಕಟ್ಟುವ ಹಂತದ ಫ್ಲಾಟಿಗೆ ಶೇ. 5 ಜಿಎಸ್‌ಟಿ, ಅಂದರೆ ನಮ್ಮ ಮಟ್ಟದ ಫ್ಲಾಟಿಗೆ ನಾಲ್ಕು ಲಕ್ಷಕ್ಕೂ ಜಾಸ್ತಿ, ಜೊತೆಗೆ ಬಾಡಿಗೆಯೂ ಕಟ್ಟುತ್ತಿರಬೇಕು. ಅವರು ಹೇಳಿದ ತಿಂಗಳು ಪ್ರತಿ ಸಲ ಮುಂದೆ ಹೋಗುತ್ತಿತ್ತು. ಬಿಟ್ಟೆವು. ಆಮೇಲೆ ಡೋರ್ ನಂಬರ್ ಆಗಿ, ಕಂಪ್ಲೀಶನ್ ಸರ್ಟಿಫಿಕೇಟ್ ಇರುವ ಫ್ಲಾಟ್ ಮಾತ್ರ ನೋಡುವುದು ಎಂದು ನಿರ್ಧರಿಸಿದೆವು. ಅದಕ್ಕೆ ಜಿಎಸ್‌ಟಿ ಇಲ್ಲ.

ಹಾಗೆ ಸಿಕ್ಕಿದ ದೇರೆಬೈಲಿನ ಫ್ಲಾಟಿನ ಬೆಲೆಯಲ್ಲಿ ಮೂರು ಲಕ್ಷ ಇಳಿಸಿದೆ. ಹೇಗೆ ಇಳಿಸಿದೆ ಎಂದು ಇಲ್ಲಿ ಬರೆಯುವುದಿಲ್ಲ, ತಮ್ಮನಿಗೂ ಒಂದು ಫ್ಲಾಟ್ ನೋಡುತ್ತಿದ್ದೇವೆ, ಅದು ಮುಗಿಯಲಿ. ತಿಂಗಳ ಯಾವ ವಾರ ಹೋಗಿ ಮಾತಾಡುತ್ತೀರಿ ಎನ್ನುವುದರಲ್ಲಿ ಸ್ವಲ್ಪ ಇದೆ, ಅಷ್ಟು ಹೇಳಬಲ್ಲೆ.

ಹಣದ ಲೆಕ್ಕ, ನೆನಪಿದ್ದಷ್ಟು: ಮೊದಲಿನ 11 ಲಕ್ಷ, 80 ಸಾವಿರದಂತೆ ಸೇರಿದ್ದು ಸುಮಾರು 33 ಲಕ್ಷ, ಬಡ್ಡಿ ಆರು ಲಕ್ಷದ ಹತ್ತಿರ. ಮದುವೆ ಆಸ್ಪತ್ರೆ ಎಂದು ನಡುವೆ ತಪ್ಪಿದ್ದನ್ನು ಕಳೆದರೆ 49 ಲಕ್ಷದಷ್ಟು ಕೈಯಲ್ಲಿತ್ತು. ಬಿಲ್ಡರಿಗೆ 40. ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಸೆಸ್, ಸರ್‌ಚಾರ್ಜ್, ಆಗ ಶೇ. 1 ಇದ್ದ ನೋಂದಣಿ ಶುಲ್ಕ ಸೇರಿ ಐದೂವರೆ ಲಕ್ಷ ದಾಟಿತು. ಈ ಹಣಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಕೈಯಿಂದಲೇ ಬೇಕು. ಬಹಳ ಜನ ಎಡವುವುದು ಇಲ್ಲೇ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿದೆ, ಈಗ ಇಷ್ಟೇ ಬೆಲೆಯ ಫ್ಲಾಟ್ ಮಾಡಿಸುವವರು 85 ಸಾವಿರ ಜಾಸ್ತಿ ಇಟ್ಟುಕೊಳ್ಳಿ. 50 ಲಕ್ಷದ ಮೇಲಿನ ಆಸ್ತಿಗೆ ಒಂದು ಪರ್ಸೆಂಟ್ ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಕಟ್ಟುವ ಕೆಲಸವೂ ಕೊಳ್ಳುವವರದ್ದೇ, ಅದನ್ನು ಬಿಲ್ಡರಿಗೆ ಕೊಡುವ ಹಣದಿಂದಲೇ ಕಳೆಯಬೇಕು.

ಕಾರು ತಂದಿದ್ದರೆ? ಅದನ್ನೂ ಲೆಕ್ಕ ಹಾಕಿದೆ. ಮೂರು ವರ್ಷ ದಾಟಿದ ಕಾರಿಗೆ ಇನ್ಶೂರೆನ್ಸ್‌ನವರ ಪಟ್ಟಿಯಲ್ಲೇ ಶೇ. 40 ಸವಕಳಿ. 42 ಲಕ್ಷದ ಗಾಡಿ 25 ಲಕ್ಷ. ಮೂರೂವರೆ ವರ್ಷ ಕಂತು ಕಟ್ಟಿದ ಮೇಲೂ ಬಾಕಿ ಸಾಲ 24 ಲಕ್ಷ. ಮಾರಿ ಸಾಲ ತೀರಿಸಿದರೆ ಕೈಯಲ್ಲಿ ಒಂದು ಲಕ್ಷ. ಇದನ್ನು ಭಾವನಿಗೆ ಪಾಸ್‌ಬುಕ್ ಸಮೇತ ತೋರಿಸಿದೆ. ಅವರು ಎರಡು ಸಲ ಕೂಡಿಸಿ ನೋಡಿದರು.

45 ಲಕ್ಷಕ್ಕೆ 15 ವರ್ಷದ ಕಂತು ಶುರುವಿನಲ್ಲಿ 44 ಸಾವಿರ. 80 ಸಾವಿರ ಕಟ್ಟಿ ಅಭ್ಯಾಸ ಆದವರಿಗೆ ಇದು ಹಗುರ. 2025ರಲ್ಲಿ ರಿಸರ್ವ್ ಬ್ಯಾಂಕಿನ ರಿಪೋ ದರ ಆರೂವರೆಯಿಂದ ಐದೂಕಾಲಿಗೆ ಇಳಿಯಿತು, ನಮ್ಮ ಬಡ್ಡಿಯೂ ಇಳಿಯಿತು. ಕಂತು ಇಳಿಸಲು ಹೇಳಲಿಲ್ಲ, ಅವಧಿ ಕಡಿಮೆ ಮಾಡಿ ಎಂದೆವು.

ಕಾವೂರಿನ ಖಾತೆ ಮುಚ್ಚಿಲ್ಲ. ಬಾಡಿಗೆ 16 ಸಾವಿರ ಉಳಿಯುತ್ತದೆ, ಸಂಬಳವೂ ಏರಿದೆ, ತಿಂಗಳಿಗೆ 55 ಸಾವಿರ ಈಗಲೂ ಅಲ್ಲಿಗೆ ಹೋಗುತ್ತದೆ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಕಾರು". ಈ ಸಲ ಸೆಕೆಂಡ್ ಹ್ಯಾಂಡ್, ಪೂರ್ತಿ ಕ್ಯಾಶ್. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ, ಮೊದಲು ಸೆಸ್ ಸೇರಿ 45-50 ಇದ್ದದ್ದು, ಶೇ. 40ಕ್ಕೆ ನಿಂತಿದೆ. ಹೊಸದರ ಬೆಲೆ ಇಳಿದದ್ದರಿಂದ ಹಳೆಯದನ್ನೂ ಇಳಿಸಿ ಕೇಳಬಹುದು. ಈಗಾಗಲೇ ಕೆಲವು ಗಾಡಿ ನೋಡಿ ಬಂದಿದ್ದೇನೆ. ಕರಾವಳಿಯ ಗಾಡಿಯಾದರೆ ನಾನು ಮೊದಲು ಬಾನೆಟ್ ತೆಗೆಯುವುದಿಲ್ಲ. ಹಿಂದಿನ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯುತ್ತೇನೆ. ಒಳಗೆ ಸುತ್ತಿಕೊಂಡಿರುವ ಭಾಗ ಯಾರೂ ತೊಳೆದಿರುವುದಿಲ್ಲ, ನೀರಿನಲ್ಲಿ ನಿಂತ ಗಾಡಿಯಾದರೆ ಅಲ್ಲಿ ಕೆಸರಿನ ಗೆರೆ ಸಿಗುತ್ತದೆ. ಆಮೇಲೆ ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಕೆಳಗಿನ ಬೋಲ್ಟಿನ ತುಕ್ಕು. ಒಂದು ಗಾಡಿಯಲ್ಲಿ ಮೂರೂ ಸಿಕ್ಕಿತು, ಹೊರಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಲ್ಲಿ ಓಡಿಸುವವರು ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಟ್ ಹಾಕಿಸಿದ್ದಾರಾ ಎಂದೂ ಕೇಳುತ್ತೇನೆ. ಅದಿಲ್ಲದೆ ಎಂಜಿನ್ನಿಗೆ ನೀರು ನುಗ್ಗಿದರೆ ಕ್ಲೇಮ್ ಸಿಗುವುದು ಕಷ್ಟ.

ನನ್ನ ಗುರಿ 2023ರ ಮಾದರಿ, 30 ಲಕ್ಷದ ಒಳಗೆ. ಖಾತೆಯಲ್ಲಿ ಈಗ ಆರು ಲಕ್ಷ ಚಿಲ್ಲರೆ ಇದೆ.