ಮೀನಿನ ತೊಟ್ಟಿಗೆ ಮರದ ಬೇರು ಇಳಿಸುವ ಮುನ್ನ

ಕೊಡಗಿನಲ್ಲಿ ಮಳೆಗಾಲ ಮುಗಿದು, ತುಲಾ ಸಂಕ್ರಮಣದ ಹೊತ್ತಿಗೆ ಹೊಳೆಯ ನೀರು ಇಳಿದ ಮೇಲೆ, ದಡದ ಮರಳಿನಲ್ಲಿ ತೊಗಟೆ ಕಳಚಿ ನುಣುಪಾದ ಕೊರಡುಗಳೂ ಬೇರುಗಳೂ ಕಾಣಿಸುತ್ತವೆ. ತೋಟದಲ್ಲಿ ಕಿತ್ತ ಹಳೆಯ ಕಾಫಿ ಗಿಡದ ಬುಡವಂತೂ ಕೆತ್ತಿದ ಶಿಲ್ಪದಂತೆ ಇರುತ್ತದೆ. ಮನೆಯಲ್ಲಿ ಮೀನು ಸಾಕುವ ಮಕ್ಕಳು ಇವನ್ನು ಕಂಡೊಡನೆ ಗಾಜಿನ ತೊಟ್ಟಿಗೆ ಇಳಿಸಲು ಆತುರಪಡುತ್ತಾರೆ. ಆ ಮರ ಎಲ್ಲಿ ಬೆಳೆದದ್ದು, ಅದರ ಮೇಲೆ ಏನು ಬಿದ್ದಿತ್ತು ಎಂಬುದನ್ನು ತಿಳಿಯದೆ ದಯವಿಟ್ಟು ಇಳಿಸಬೇಡಿ.

ಕಾಫಿಯ ಎಲೆ ತುಕ್ಕಿಗೂ ಕೊಳೆ ರೋಗಕ್ಕೂ ನಾವು ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಕರಿಮೆಣಸಿನ ಬಳ್ಳಿಗೆ ಹೊಡೆಯುವಾಗ ಅದು ಹಬ್ಬಿದ ಮರಕ್ಕೂ ತಾಗುತ್ತದೆ. ಆ ದ್ರಾವಣದಲ್ಲಿರುವ ಮೈಲುತುತ್ತು ತಾಮ್ರದ ಲವಣ. ಅರೇಬಿಕಾ ಗಿಡವಾಗಿದ್ದರೆ ಬಿಳಿ ಕಾಂಡಕೊರಕದ ಕಾಟಕ್ಕೆಂದು ಕಾಂಡಕ್ಕೆ ಕೀಟನಾಶಕವನ್ನೂ ಬಳಿದಿರಬಹುದು. ಸೀಗಡಿ ಮತ್ತು ಬಸವನಹುಳುಗಳು ಅತ್ಯಲ್ಪ ತಾಮ್ರವನ್ನೂ ತಾಳುವುದಿಲ್ಲ. ನೀರು ಮೃದುವಾಗಿದ್ದರೆ, ಅಂದರೆ ಅದರಲ್ಲಿ ಸುಣ್ಣದಂಥ ಲವಣಗಳು ಕಡಿಮೆ ಇದ್ದರೆ, ಮೀನಿಗೂ ಅಪಾಯ ಹೆಚ್ಚು. ವರ್ಷಗಳ ಹಿಂದೆ ನಾನೇ ಅಂಥದೊಂದು ಬುಡವನ್ನು ಚೆನ್ನಾಗಿ ಕುದಿಸಿದೆನೆಂಬ ಧೈರ್ಯದಿಂದ ತೊಟ್ಟಿಗೆ ಇಟ್ಟಾಗ, ಎರಡೇ ದಿನದಲ್ಲಿ ಬಸವನಹುಳುಗಳೆಲ್ಲ ಸತ್ತವು. ಕುದಿಸಿದರೆ ಹುಳುವೂ ಬೂಷ್ಟೂ ಸಾಯುತ್ತವೆ, ತಾಮ್ರ ನಾಶವಾಗುವುದಿಲ್ಲ. ಔಷಧಿ ಕಂಡ ಬುಡ ಎಷ್ಟೇ ಚೆಂದವಿದ್ದರೂ ಈಗ ಅದನ್ನು ಜಗಲಿಯಲ್ಲಿಯೇ ಇಡುತ್ತೇನೆ.

ಹಿತ್ತಲಿನಲ್ಲಿ ಔಷಧಿ ತಾಗದೆ ಬೆಳೆದ ಪೇರಳೆ ಮರದ ಪೂರ್ತಿ ಒಣಗಿದ ಕೊಂಬೆ ಇದಕ್ಕೆ ಬಹಳ ಒಳ್ಳೆಯದು. ಉಗುರು ಒತ್ತಿದರೆ ತಗ್ಗು ಬೀಳುವ ಮರ, ಹಾಲುವಾಣದಂಥ ಮೆದು ಮರ, ರಾಳವೋ ಹಾಲೋ ಒಸರುವ ಮರ ಬೇಡ. ಕಡಲ ದಡದಿಂದ ತಂದದ್ದರಲ್ಲಿ ಉಪ್ಪು ಇಳಿದಿರುತ್ತದೆ. ಮೀಸಲು ಅರಣ್ಯದಿಂದ ಕಡ್ಡಿಯನ್ನೂ ತರಬಾರದು.

ಆರಿಸಿದ ಕೊಂಬೆಯ ತೊಗಟೆ ತೆಗೆದು, ಸೋಪು ಮುಟ್ಟಿಸದೆ ಗಟ್ಟಿ ಬ್ರಷ್‌ನಿಂದ ಉಜ್ಜಿ, ಹಂಡೆಯಲ್ಲಿ ಒಂದೆರಡು ಗಂಟೆ ಕುದಿಸಬೇಕು. ಬಳಿಕ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ದಿನವೂ ನೀರು ಬದಲಿಸುತ್ತಿದ್ದರೆ ಎರಡು ಮೂರು ವಾರಗಳಲ್ಲಿ ಬಣ್ಣ ತಿಳಿಯಾಗುತ್ತ ಬರುತ್ತದೆ, ಮರವೂ ನೀರು ಕುಡಿದು ಭಾರವಾಗುತ್ತದೆ. ಆಗಲೂ ತೇಲಿದರೆ ಚಪ್ಪಟೆ ಕಲ್ಲಿಗೆ ನೈಲಾನ್ ದಾರದಿಂದ ಕಟ್ಟಿ ಇಳಿಸಿ; ಆದರೆ ಗಾಜಿಗೆ ಒರಗಿಸಬೇಡಿ, ಜಾರಿದರೆ ಗಾಜು ಒಡೆಯುತ್ತದೆ.

ನೀರು ಹಾಲು ಹಾಕದ ಕಣ್ಣಚಹಾದ ಬಣ್ಣಕ್ಕೆ ತಿರುಗುವುದು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದಿಂದ. ಅದರಿಂದ ಮೀನಿಗೆ ಕೇಡಿಲ್ಲ. ನೀರಿನ ಆಮ್ಲತೆ ತುಸು ಹೆಚ್ಚುವುದರಿಂದ, ಮೃದು ನೀರು ಬಳಸುವವರು ಪಿಎಚ್ ಪರೀಕ್ಷಿಸುತ್ತಿರಬೇಕು. ಬಣ್ಣ ಇಷ್ಟವಾಗದಿದ್ದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಮೊದಲ ವಾರಗಳಲ್ಲಿ ಮರದ ಮೇಲೆ ಹತ್ತಿಯಂಥ ಬಿಳಿ ಪೊರೆ ಬಂದರೆ ಹೆದರಬೇಕಿಲ್ಲ, ಅದು ತಾನಾಗಿಯೇ ಹೋಗುತ್ತದೆ. ಬೇಕೆನಿಸಿದರೆ ಹೊರತೆಗೆದು ಉಜ್ಜಿ ಮತ್ತೆ ಇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಒಳಗೇ ಮರ ಕೊಳೆಯುತ್ತಿದೆ ಎಂದು ತಿಳಿದು, ಅದನ್ನು ಅದೇ ಗಳಿಗೆಯಲ್ಲಿ ಹೊರಗೆ ತೆಗೆದು ಅರ್ಧದಷ್ಟು ನೀರು ಬದಲಿಸಿ.