ಐಸ್ ಹಾಕಿ ಗೇಮಿನಲ್ಲಿ ಆಟಗಾರರ ನಡುವಿನ ಸಾಮರ್ಥ್ಯದ ಅಂತರವನ್ನು ಮರಳಿ ತಂದ ಬಗೆ

ನಾನು ಆಡುವ ಐಸ್ ಹಾಕಿ ವಿಡಿಯೋ ಗೇಮಿನಲ್ಲಿ, 2017ರಿಂದ 2019ರವರೆಗೆ ಸತತ ಮೂರು ವರ್ಷ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಅತಿ ವೇಗದ ಸ್ಕೇಟರ್ ಸ್ಪರ್ಧೆಯನ್ನು ಗೆದ್ದ ಕಾನರ್ ಮ್ಯಾಕ್‌ಡೇವಿಡ್ ಅವರನ್ನೂ ನಾಲ್ಕನೆಯ ಸಾಲಿನ (ತಂಡದಲ್ಲಿ ಕೊನೆಯ ಆದ್ಯತೆಯ ಗುಂಪಿನ) ಸಾಧಾರಣ ಆಟಗಾರ ಸುಲಭವಾಗಿ ಬೆನ್ನಟ್ಟಿ ಹಿಡಿಯುತ್ತಿದ್ದುದು ನನ್ನನ್ನು ಬಹಳ ಕಾಡಿತ್ತು. ಮೊದಲು ಆಟದ ಒಟ್ಟು ವೇಗವನ್ನು ತಗ್ಗಿಸಿದೆ. ಎಲ್ಲರೂ ಸಮನಾಗಿ ನಿಧಾನವಾದರೇ ಹೊರತು ಅಂತರ ಹುಟ್ಟಲಿಲ್ಲ. ನಿಜವಾದ ತೊಡಕು ಇದ್ದದ್ದು, ಸಾಮರ್ಥ್ಯದ ಅಂಕಗಳು ಆಟಗಾರನ ಚಲನೆಯ ಮೇಲೆ ಎಷ್ಟು ಪ್ರಭಾವ ಬೀರಬೇಕೆಂಬುದನ್ನು ನಿರ್ಧರಿಸುವ ಸ್ಲೈಡರ್‌ನಲ್ಲಿ. ಅದನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ, ಪ್ರತಿ ಬದಲಾವಣೆಯ ನಂತರ ಅವೇ ಎರಡು ತಂಡಗಳ ನಡುವೆ ಮೂರು ಪಂದ್ಯಗಳನ್ನಾಡಿ ಫಲಿತಾಂಶವನ್ನು ಬರೆದಿಟ್ಟುಕೊಂಡೆ. ಪಾಸ್‌ಗೆ ದೊರೆಯುತ್ತಿದ್ದ ಸ್ವಯಂಚಾಲಿತ ನೆರವನ್ನೂ ಕಡಿಮೆ ಮಾಡಿದೆ, ಏಕೆಂದರೆ ಗುರಿಯನ್ನು ಗೇಮೇ ತಿದ್ದಿಕೊಡುವಾಗ ಪಾಸ್ ಮಾಡುವವನ ಕೌಶಲಕ್ಕೆ ಬೆಲೆಯೇ ಉಳಿಯುವುದಿಲ್ಲ. ದಣಿವಿನ ಪರಿಣಾಮವನ್ನು ಹೆಚ್ಚಿಸಿದ್ದರಿಂದ ಈಗ ನಿಜವಾದ ಆಟದಲ್ಲಿರುವಂತೆಯೇ ಮುಕ್ಕಾಲು ನಿಮಿಷಕ್ಕೊಮ್ಮೆ ಸಾಲನ್ನು, ಅಂದರೆ ಐಸ್ ಮೇಲಿರುವ ಆಟಗಾರರ ಗುಂಪನ್ನು, ಬದಲಿಸಲೇಬೇಕಾಗುತ್ತದೆ.